ಬೆನ್ನಿನ ಮೇಲಿನ ಕೆಂಪು ಹೊಲಿಗೆ

ಆ ಹೊಲಿಗೆ... ಅದೇ ಹೊಲಿಗೆ!

ಪೋರ್ತೊ ನಗರದ ಒಣಮೀನಿನ ಅಂಗಡಿಯಲ್ಲಿ ಜಸಿಂತಾಳ ಮುಂದೆ ಒಬ್ಬ ಮುದುಕಿ ನಿಂತಿದ್ದಳು. ಮೈಮೇಲೆ ವಿದ್ಯಾರ್ಥಿಗಳು ಹೊದೆಯುವ ಕರಿ ಉಣ್ಣೆಯ ಹೊದಿಕೆ. ಹಿಂಭಾಗದ ನಟ್ಟನಡುವೆ, ಅಂಚಿನಿಂದ ಮೇಲಕ್ಕೆ, ಸೊಟ್ಟಗೆ ಹರಿದ ಗುರುತು. ಅದರ ಮೇಲೆ ಕೆಂಪು ದಾರ.

ಆ ಸೊಟ್ಟ ಹರಕನ್ನು ಜಸಿಂತಾ ಎಲ್ಲಿ ಕಂಡರೂ ಗುರುತಿಸುತ್ತಿದ್ದಳು. ಹನ್ನೆರಡು ವರ್ಷಗಳ ಹಿಂದೆ ಕೊಯಿಂಬ್ರಾದಲ್ಲಿ ಅದನ್ನು ಹಲ್ಲಿನಿಂದ ಕಚ್ಚಿ ಹರಿದವಳೇ ಅವಳು.

ಅಲ್ಲಿ ಓದು ಮುಗಿಸುವವರ ಹೊದಿಕೆಯನ್ನು ಅವರ ಆಪ್ತರು ಹರಿಯುವುದು ವಾಡಿಕೆ. ಒಂದು ಪಕ್ಕ ಮನೆಯವರಿಗೆ, ಇನ್ನೊಂದು ಗೆಳೆಯರಿಗೆ. ಬೆನ್ನಿನ ನಡು ಮಾತ್ರ ಪ್ರೀತಿಸಿದವರಿಗೆ. ಪ್ರೀತಿ ಮುರಿದರೆ ಆ ಹರಕನ್ನು ಓದಿದ ವಿಷಯದ ಬಣ್ಣದ ದಾರದಲ್ಲಿ ಹೊಲಿಯಬೇಕು. ಕಾನೂನು ಓದಿದವರಿಗೆ ಕೆಂಪು. ಮತ್ತೆ ಜಗಳ, ವಿವರಣೆ ಏನೂ ಬೇಕಿಲ್ಲ, ಹೊಲಿದರೆ ಮುಗಿಯಿತು.

"ಮಗಳೇ, ಈ ಮೀನು ದಪ್ಪ ಇದ್ಯಾ ನೋಡ್ ಹೇಳೇ," ಮುದುಕಿ ತಿರುಗಿದಳು. "ನನ್ ಕಣ್ಣು ಹೋಗ್ತಾ ಇದೆ. ನನ್ ಮಗನಿಗೆ ಸೌದೆ ಕೊಟ್ರೂ ಮೀನು ಅಂತ ಕೊಂಡ್ಕೊಂಡು ಬರ್ತಾನೆ!"

"ಅಮ್ಮಾ, ಸಾಕು. ಸಮುದ್ರಾನೇ ಖಾಲಿ ಮಾಡ್ತೀಯಾ..."

ಚೀಲಗಳನ್ನು ಹಿಡಿದು ಬಂದ ಟೆಲ್ಮೊ ಅಲ್ಲೇ ನಿಂತುಬಿಟ್ಟ. ಕಿವಿಯ ಬಳಿ ಕೂದಲು ನರೆತಿತ್ತು. ಕಣ್ಣು ಮಾತ್ರ ಅದೇ.

"ಪರಿಚಯಾನಾ?" ಮುದುಕಿ ಕೇಳಿದಳು.

"ಒಟ್ಟಿಗೆ ಓದಿದವರು," ಎಂದ ಟೆಲ್ಮೊ.

ಒಟ್ಟಿಗೆ ಓದಿದವರು! ಅಷ್ಟೇನಾ?

ಮಗನ ಹಳೆಯ ಹೊದಿಕೆಯನ್ನೇ ಚಳಿಗೆ ಹೊದೆಯುತ್ತಿದ್ದ ದೆಯೊಲಿಂದಾ ಎಂಬ ಆ ತಾಯಿಗೆ ಒಂದೇ ಆಸೆಯಿತ್ತು. ಕಣ್ಣು ಪೂರ್ತಿ ಹೋಗುವ ಮುಂಚೆ ಪೋರ್ತೊ, ಕೊಯಿಂಬ್ರಾ, ಲಿಸ್ಬನ್ ನೋಡಬೇಕು, ಕೈತುಂಬ ಕೊಳ್ಳಬೇಕು. ಜಸಿಂತಾ ರಜೆಯಲ್ಲಿ ಒಬ್ಬಳೇ ಬಂದಿದ್ದಾಳೆಂದು ತಿಳಿದದ್ದೇ ತಡ, ಅವಳ ತೋಳು ಹಿಡಿದುಬಿಟ್ಟಳು. "ಬಟ್ಟೆ ಅಂಗಡೀಲಿ ಗಂಡಸರನ್ನ ನಂಬಬಾರ್ದು. ನೀನು ಬಾ!"

ಒಲ್ಲೆ ಎನ್ನಬಹುದಿತ್ತು. ಎನ್ನಲಿಲ್ಲ. 'ಯಾಕೆ ಹೊಲಿದೆ ಅಂತ ಒಂದು ಸಲ ಕೇಳ್ತೀನಿ. ಉತ್ತರ ಸಿಕ್ಕ ಮೇಲೆ ಇವನ ಮುಖಾನೂ ನೋಡಲ್ಲ...'

ಕೇಳುವುದಕ್ಕೆ ಸ್ವಾಭಿಮಾನ ಬಿಡಬೇಕಲ್ಲ? ನದಿಯ ದಂಡೆಯಲ್ಲಿ ಮುದುಕಿ ಮೇಜುವಸ್ತ್ರಗಳನ್ನು ಮೂಗಿಗೆ ಹಿಡಿದು ನೇಯ್ಗೆ ನೋಡುತ್ತಿದ್ದರೆ, ಇವರಿಬ್ಬರೂ ಹಿಂದೆ ನಿಂತು ಒಬ್ಬರನ್ನೊಬ್ಬರು ಚುಚ್ಚುತ್ತಿದ್ದರು.

"ಮದುವೆ ಆಯ್ತಂತೆ?" ಟೆಲ್ಮೊ ಕೇಳಿದ.

"ಆಯ್ತು. ಮುರಿದೂ ಬಿತ್ತು. ನಿಂದು?"

"ಆಗ್ಲಿಲ್ಲ."

"ಯಾಕೆ, ಹೊಲಿಯೋಕೆ ಇನ್ನೊಂದು ಹೊದಿಕೆ ಸಿಗ್ಲಿಲ್ವಾ?"

ಟೆಲ್ಮೊನ ಮುಖ ಕಪ್ಪಿಟ್ಟಿತು. "ಅದನ್ನ ನೀನು ಕೇಳ್ತೀಯಾ? ನೀನು!"

ಅವನು ಚೀಲಗಳನ್ನೆತ್ತಿಕೊಂಡು ತಾಯಿಯತ್ತ ನಡೆದ.

ಕೊಯಿಂಬ್ರಾದಲ್ಲಿ ಹಳೆಯ ಚರ್ಚಿನ ಮೆಟ್ಟಿಲ ಮೇಲೆ ಮೂವರೂ ಕೂತು ಸುಟ್ಟ ಚೆಸ್ಟ್‌ನಟ್ ಸುಲಿದು ತಿನ್ನುತ್ತಿದ್ದರು. ಇದೇ ಮೆಟ್ಟಿಲುಗಳು! ಹನ್ನೆರಡು ವರ್ಷಗಳ ಹಿಂದೆ ಒಂದು ರಾತ್ರಿ ಇಲ್ಲಿ ಹಾಡು ಕೇಳಲು ಊರೇ ನೆರೆದಿತ್ತು. ಜನರ ನಡುವೆ ಟೆಲ್ಮೊನ ಬೆನ್ನು ಕಂಡಿತ್ತು. ಕೆಂಪು ಹೊಲಿಗೆ ಕಂಡಿತ್ತು. ಅವನು ತಿರುಗುವ ಮುಂಚೆಯೇ ಅವಳು ಹೊರಟುಹೋಗಿದ್ದಳು. ಆ ಮೇಲೆ ಅವನು ಎಷ್ಟು ಫೋನ್ ಮಾಡಿದರೂ ಎತ್ತಲಿಲ್ಲ.

ಅಷ್ಟರಲ್ಲಿ ಹೊದಿಕೆಯೆಲ್ಲ ಹರಿದುಕೊಂಡ ಹುಡುಗಿಯೊಬ್ಬಳು ಮುಂದೆ ಹಾದು ಹೋದಳು. ಅಷ್ಟು ಹತ್ತಿರದಿಂದ ದೆಯೊಲಿಂದಾಗೂ ಕಂಡಿತು.

"ಅಯ್ಯೋ ಪಾಪ! ಇವಳಿಗೆ ತಾಯಿ ಇಲ್ವಾ? ನಮ್ ಟೆಲ್ಮೊನೂ ಒಂದು ಸಲ ಹೀಗೇ ನಾಯಿ ಎಳ್ದಾಡ್ದಂಗೆ ಹರ್ಕೊಂಡು ಊರಿಗೆ ಬಂದಿದ್ದ. ಅವ್ನು ಮಲಗಿದ್ದಾಗ ನಾನೇ ಹೊಲಿದೆ."

ಜಸಿಂತಾಳ ಕೈಯಿಂದ ಚೆಸ್ಟ್‌ನಟ್ ಉರುಳಿ ಮೆಟ್ಟಿಲಿಳಿಯಿತು.

"ಅವ್ನ ಪುಸ್ತಕ ಕಟ್ಟೋ ಪಟ್ಟಿ ಕೆಂಪಿತ್ತು ನೋಡು, ಹೊಂದುತ್ತೆ ಅಂತ ಕೆಂಪು ದಾರಾನೇ ಹಾಕ್ದೆ," ಮುದುಕಿ ಹೆಮ್ಮೆಯಿಂದ ಹೇಳಿದಳು. "ನಡುವಿಂದು ದೊಡ್ಡದು, ಅದನ್ನೇ ಮೊದ್ಲು ಹಿಡಿದೆ. ಚಿಕ್ಕವಕ್ಕೆ ದಾರ ಸಾಲ್ಲಿಲ್ಲ. ಎಷ್ಟು ಗಟ್ಟಿ ಇದೆ ಅಂತೀಯಾ! ಇನ್ನೂ ಬಿಟ್ಟಿಲ್ಲ!"

ದೆಯೊಲಿಂದಾ ಕೊಯಿಂಬ್ರಾಕ್ಕೆ ಕಾಲಿಟ್ಟಿದ್ದೇ ಇವತ್ತು ಮೊದಲು. ವಾಡಿಕೆ ಆ ತಾಯಿಗೆ ಹೇಗೆ ಗೊತ್ತಿರಬೇಕು?

"ನಾನು... ನೀನು ಹೊಲಿದೆ ಅಂದ್ಕೊಂಡೆ," ಜಸಿಂತಾ ಟೆಲ್ಮೊನತ್ತ ತಿರುಗಿ ಪಿಸುಗುಟ್ಟಿದಳು.

"ನಾನೂ ನೀನೇ ಅಂದ್ಕೊಂಡೆ. ನನ್ನ ರೂಮಿನ ಬೀಗದ ಕೈ ನಿನ್ನ ಹತ್ರ ಇತ್ತಲ್ಲ? ನೀನು ಹೋದ್ಮೇಲೇ ನಾನು ನೋಡಿದ್ದು. ಬೆನ್ನು ಯಾರಿಗೆ ಕಾಣುತ್ತೆ, ಜಸಿಂತಾ? ಬಾಯಲ್ಲಿ ಹೇಳೋಕೆ ಧೈರ್ಯ ಇಲ್ದೆ ಹೊಲಿದು ಹೋದ್ಳು ಅಂತ..."

"ಬಂದು ಕೇಳ್ಬಾರ್ದಿತ್ತಾ?"

"ನೀನು ಕೇಳ್ದೆಯಾ?"

"ಏನ್ರೋ ಅದು ಪಿಸುಪಿಸು?" ಎಂದಳು ತಾಯಿ.

"ಏನಿಲ್ಲಮ್ಮ," ಎಂದ ಟೆಲ್ಮೊ.

ಸತ್ಯ ಗೊತ್ತಾದರೆ ಸಂತೋಷವಾಗುತ್ತದೆ ಎನ್ನುವವರು ಜಸಿಂತಾಳನ್ನು ಲಿಸ್ಬನ್ ರೈಲಿನಲ್ಲಿ ನೋಡಬೇಕಿತ್ತು. ತಾಯಿ ನಿದ್ದೆ ಹೋದದ್ದೇ ತಡ, ಅವಳು ಬುಸುಗುಟ್ಟಿದಳು.

"ಆ ಹಟಕ್ಕೇ ಇನ್ನೊಬ್ಬನ್ನ ಕಟ್ಕೊಂಡೆ ನಾನು. ಒಳ್ಳೇ ಮನುಷ್ಯ, ಪಾಪ. ಮನಸ್ಸಲ್ಲಿ ದಿನಾ ನಿನ್ನ ಬೈಕೊಂಡು ಅವನ ಜೊತೆ ಊಟ ಮಾಡ್ತಿದ್ದೆ. ಇದೆಲ್ಲ ಯಾರ ತಲೆ ಮೇಲೆ ಹಾಕ್ಲಿ, ಹೇಳು? ನಿಮ್ಮಮ್ಮನಿಗೂ ಗೊತ್ತಾಗ್ಲಿ. ಹೇಳೇ ಹೇಳ್ತೀನಿ!"

"ಜಸಿಂತಾ, ದಮ್ಮಯ್ಯ..."

"ಹನ್ನೆರಡು ವರ್ಷ ಕಣೋ!"

ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬಂದೀತೇ? ಟೆಲ್ಮೊ ಸುಮ್ಮನೆ ಕಿಟಕಿಯತ್ತ ತಿರುಗಿ ಕಣ್ಣೊರೆಸಿಕೊಂಡ.

ಲಿಸ್ಬನ್ನಿನಲ್ಲಿ ತಾಯಿ ಮೊದಲು ಕೇಳಿದ್ದು ಕೋಟೆಯನ್ನಲ್ಲ, ದಾರದ ಅಂಗಡಿಯನ್ನು. ಗೋಡೆ ತುಂಬ ಗುಂಡಿ, ಪಟ್ಟಿ, ದಾರದ ಉಂಡೆಗಳು. ದೆಯೊಲಿಂದಾ ಒಂದನ್ನು ಆರಿಸಿ ಕಣ್ಣಿಗೆ ಒತ್ತಿಹಿಡಿದಳು.

"ಮಗಳೇ... ಇದು ಕೆಂಪು ತಾನೇ?"

ಅದು ಹಸಿರಾಗಿತ್ತು.

"ಹೊದಿಕೆ ಹೊಲಿಗೆ ತುದೀಲಿ ಬಿಡ್ತಾ ಇದೆ ಅಂತ ಕೈಗೆ ಗೊತ್ತಾಗುತ್ತೆ. ಕಣ್ಣು ಪೂರ್ತಿ ಹೋಗೋದ್ರೊಳಗೆ ಇನ್ನೊಂದು ಸುತ್ತು ಹಾಕ್ಬಿಡ್ತೀನಿ. ಆ ಮೇಲೆ ನನ್ ಮಗನಿಗೆ ಯಾರಿದಾರೆ ಹೊಲ್ದು ಕೊಡೋಕೆ?"

ಟೆಲ್ಮೊ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ. ಜಸಿಂತಾಳ ತುದಿನಾಲಿಗೆಗೆ ಬಂದಿತ್ತು... 'ನೀವೇ ಅಮ್ಮಾ, ನೀವೇ ನನ್ನ ಬಾಳು ಹೊಲಿದು ಮುಚ್ಚಿದ್ದು!'

ಮುದುಕಿಯ ಬೆರಳ ತುದಿಯ ತುಂಬ ಸೂಜಿ ಚುಚ್ಚಿದ ಗುರುತು. ಜಸಿಂತಾ ಆ ಬೆರಳುಗಳಿಂದ ದಾರವನ್ನು ಮೆಲ್ಲಗೆ ಬಿಡಿಸಿಕೊಂಡು ಕೆಳಗಿಟ್ಟಳು.

"ದಾರ ಬೇಡಮ್ಮ. ಹೊದಿಕೇನ ನನಗೆ ಕೊಡಿ, ನಾನು ನೋಡ್ಕೋತೀನಿ."

ಹೊರಗೆ ಚೌಕದ ಕಲ್ಲುಬೆಂಚಿನ ಮೇಲೆ ಹೊದಿಕೆಯನ್ನು ತೊಡೆಗೆ ಹರಡಿಕೊಂಡು ಜಸಿಂತಾ ಕೆಂಪು ದಾರವನ್ನು ಹಲ್ಲಿನಿಂದ ಕಚ್ಚಿದಳು. ಒಂದೊಂದೇ ಹೊಲಿಗೆ. ನಿಜಕ್ಕೂ ಗಟ್ಟಿಯಾಗಿತ್ತು. ಅಳು ನುಂಗುತ್ತಾ ಕಚ್ಚಿದಳು, ಸಿಟ್ಟಿನಲ್ಲಿ ಕಚ್ಚಿದಳು. ದಾರ ಪೂರ್ತಿ ಹೋದ ಮೇಲೂ ಸೂಜಿಯ ತೂತುಗಳು ಸಾಲಾಗಿ ಉಳಿದವು.

ತಾಯಿ ಕೈಯಾಡಿಸಿ ಬೆಚ್ಚಿದಳು. "ಇದೇನೇ, ಹರಿದೇ ಇದೆಯಲ್ಲ!"

"ಹರಿದೇ ಇರ್ಲಿ ಅಮ್ಮ. ಹಾಗೇ ಚೆಂದ."

"ಈಗಿನವರಿಗೆ ಹರಕೇ ಚೆಂದ!" ಮುದುಕಿ ಗೊಣಗಿ, ಬಿಸಿಲಿಗೆ ಮುಖವೊಡ್ಡಿ ಕೂತಳು.

ಟೆಲ್ಮೊ ಪಕ್ಕದಲ್ಲಿ ಬಂದು ಕುಳಿತ. "ಥ್ಯಾಂಕ್ಸ್... ಅಮ್ಮನಿಗೆ ಹೇಳ್ದೇ ಇದ್ದದ್ದಕ್ಕೆ."

"ನಿನಗೋಸ್ಕರ ಅಲ್ಲ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ."

"ಇಳಿಯೋತನಕ ಇಲ್ಲೇ ಇರು. ನನಗೆ ನೀನು ಬೇಕು ಜಸಿಂತಾ, ಸಿಟ್ಟಿನ ಜೊತೆಗೇ." ಅವನ ದನಿ ಒಡೆಯಿತು. "ಇನ್ನೊಂದು ಸಲ ಮಾತ್ರ ಕೇಳ್ದೆ ಹೋಗ್ಬೇಡ."

ಅವಳು ತುಟಿಗಂಟಿದ ಕೆಂಪು ಎಳೆಯನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು. ಕಣ್ಣು ತುಂಬಿತ್ತು.

"ನೀನೂ ನನಗೆ ಬೆನ್ನು ಹಾಕಿ ನಿಲ್ಬೇಡ ಕಣೋ."