ಎಣಿಕೆ ಮುಗಿಯೋವರೆಗೂ

"ನನ್ನ ಮೇಜನ್ನ ಈ ಕೋಣೆಯಿಂದ ತೆಗೆಸಿಬಿಡಿ ಮೇಡಂ. ಇವರ ಜೊತೆ ಕೂರೋಕೆ ನನ್ನಿಂದಾಗಲ್ಲ."

ಕೆಲಸಕ್ಕೆ ಸೇರಿದ ಮೊದಲ ದಿನ, ಇನ್ನೂ ಕೈಚೀಲ ಕೆಳಗಿಟ್ಟಿರಲಿಲ್ಲ, ಅವಳ ಕಿವಿಗೆ ಬಿದ್ದ ಮೊದಲ ಮಾತು ಇದು. ಹೇಳಿದವನ ಬೂಟಿಗೆ ಕೆಸರು ಮೆತ್ತಿತ್ತು, ಕೈಯಲ್ಲೊಂದು ಖಾಲಿ ಇಲಿಬೋನು. ಅವಳನ್ನು ಒಮ್ಮೆ ನೋಡಿದ, ಹೊರಟೇಹೋದ.

ನಾನೇನು ಮಾಡಿದ್ದೆ ಇವನಿಗೆ... ಅವಳಿಗೆ ಅಳುವೇ ಬಂತು. ನಿಮಗಾದರೂ ಬರುತ್ತಿತ್ತು ಬಿಡಿ.

ಆ ಸಂಶೋಧನಾ ಲ್ಯಾಬಿನ ಕೆಲಸ ಇಷ್ಟೇ. ಅವನು ಹೊಲದ ಇಲಿ ಹಿಡಿದು, ಒಂದು ತೊಟ್ಟು ರಕ್ತ, ಒಂದಿಷ್ಟು ಹಿಕ್ಕೆ ತೆಗೆದುಕೊಂಡು, ಇಲಿಯನ್ನು ವಾಪಸ್ ಬಿಡಬೇಕು. ಅವಳು ಮೈಕ್ರೋಸ್ಕೋಪಿನಲ್ಲಿ ಆ ಹಿಕ್ಕೆ ನೋಡಿ ಜಂತುಹುಳುವಿನ ಮೊಟ್ಟೆ ಎಣಿಸಬೇಕು. ಒಂದೇ ಹೊಲ, ಒಂದೇ ಕಾಳು. ಆದರೂ ಒಂದು ಇಲಿಗೆ ಹೊಟ್ಟೆ ತುಂಬ ಹುಳು, ಪಕ್ಕದ ಬಿಲದ್ದಕ್ಕೆ ಏನೂ ಇಲ್ಲ. ಅಪ್ಪ ಅಮ್ಮನಿಂದ ರಕ್ತದಲ್ಲಿ ಬಂದದ್ದೇನೋ ಅದನ್ನು ಹುಳುವಿನಿಂದ ಕಾಪಾಡುತ್ತಿದೆಯಾ ಅಂತ ಲ್ಯಾಬಿನ ಮುಖ್ಯಸ್ಥೆ ದೊಡ್ಡ ಮೇಡಂ ಹುಡುಕುತ್ತಿದ್ದರು.

ಯಾವ ಸೀಸೆ ಯಾವ ಇಲಿಯದ್ದು ಅಂತ ಎಣಿಸುವವಳಿಗೆ ಗೊತ್ತಾಗಬಾರದು. ಗೊತ್ತಾದರೆ ಕಣ್ಣು ತನಗೆ ಬೇಕಾದಷ್ಟೇ ಎಣಿಸುತ್ತೆ. ಅದಕ್ಕೇ ಸೀಸೆ ಮೇಲೆ ಬರೀ ನಂಬರು.

ಸೀಸೆಗೆ ಬಾಯಿ ಇಲ್ಲ, ಸರಿ. ಆ ಮನುಷ್ಯನಿಗಾದರೂ ಇರಬೇಡವಾ?

ಬೆಳಿಗ್ಗೆ ಬಂದು ಟ್ರೇ ಇಟ್ಟು ಹೋಗುತ್ತಿದ್ದ. "ನಮಸ್ಕಾರ" ಅಂದರೆ ತಲೆ ಆಡಿಸುತ್ತಿದ್ದ. "ಊಟ ಆಯ್ತಾ" ಅಂದರೆ ಕಾಲಿಗೆ ಬುದ್ಧಿ ಹೇಳುತ್ತಿದ್ದ. ಕ್ಯಾಂಟೀನಿನಲ್ಲಿ ಮಾತ್ರ ಎಲ್ಲರ ಜೊತೆ ಹರಟೆಯೋ ಹರಟೆ. ಅವಳು ಒಳಗೆ ಕಾಲಿಟ್ಟರೆ ಗಪ್‌ಚುಪ್.

ಅವಳು ಡಬ್ಬಿ ಹಿಡಿದು ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಿನ್ನುತ್ತಿದ್ದಳು. ಸಂಜೆ ಬಾಡಿಗೆ ಕೋಣೆಗೆ ಹೋದರೆ ಅಲ್ಲೂ ಒಬ್ಬಳೇ.

ಆದರೂ ಬೆಳಿಗ್ಗೆಯಾದರೆ ಆ ಬೂಟಿನ ಸದ್ದಿಗೆ ಕಿವಿ ಕೊಟ್ಟು ಕೂತಿರುತ್ತಿದ್ದಳು. ದಿನವಿಡೀ ಅವಳ ಬಾಗಿಲಿಗೆ ಬರುವ ಜೀವ ಅವನೊಬ್ಬನೇ. ಮನಸ್ಸು ಜಾರಿದ್ದು ಹೀಗೇ ನೋಡಿ... ಮಾತೇ ಆಡದವನ ಮೇಲೆ. ಒಂದು ದಿನ ಅವಳ ಅಲುಗಾಡುವ ಸ್ಟೂಲು ಸರಿಯಾಗಿತ್ತು. ಬಡಗಿ ಬಂದಿರಬೇಕು ಅಂದುಕೊಂಡಳು.

"ಇಲಿ ಹಿಕ್ಕೆ ನೋಡ್ಕೊಂಡು ಎಷ್ಟು ದಿನ ಒಬ್ಬಳೇ ಇರ್ತೀಯೆ?" ಅಕ್ಕ ಫೋನಿನಲ್ಲಿ ಬೈದಳು. "ನಮ್ಮನೆ ಹತ್ತಿರ ರಕ್ತಪರೀಕ್ಷೆ ಲ್ಯಾಬಲ್ಲಿ ಕೆಲಸ ಇದೆ, ಬಂದುಬಿಡು."

"ಎಣಿಕೆ ಮುಗೀಲಿ ಅಕ್ಕ, ಬರ್ತೀನಿ."

ಎಣಿಕೆ ಮುಗಿಯಿತು. ದೊಡ್ಡ ಮೇಡಂ ಎಲ್ಲರೆದುರು ನಂಬರುಗಳ ಗುಟ್ಟು ಬಿಚ್ಚಿದರು. ರಕ್ತದಲ್ಲಿ ಒಂದು ಗುರುತು ಇದ್ದ ಇಲಿಗಳಿಗೆ ಹುಳು ಕಡಿಮೆ, ಆ ಗುರುತು ಮರಿಗಳಿಗೂ ಬಂದಿದೆ. ಎಲ್ಲರೂ ಚಪ್ಪಾಳೆ ತಟ್ಟುವಾಗ ಅವಳು ಎದ್ದು ಬಂದು ಚೀಲ ತುಂಬತೊಡಗಿದಳು.

ಹಿಂದೆಯೇ ಬೂಟಿನ ಸದ್ದು.

"ಏಳನೇ ನಂಬರ್ ಸೀಸೆ ಇತ್ತಲ್ಲ, ಅದು ಮೋಟುಬಾಲದವಳದ್ದು. ಬೋನಲ್ಲಿ ಬೆಚ್ಚಗಿರಲಿ ಅಂತ ಹಾಕೋ ಹತ್ತಿಗೆ ಆಸೆಪಟ್ಟು ಬೇಕಂತಲೇ ಬಂದು ಸಿಕ್ಕಿಬೀಳೋಳು. ಅವಳಿಗೆ ಹುಳುವೇ ಇಲ್ಲ ಅಂತ ಇವತ್ತು ಗೊತ್ತಾಗಿ ಎಷ್ಟು ಖುಷಿಯಾಯ್ತು ಅಂದ್ರೆ... ಅವಳ ತಮ್ಮ ಪಾಪ..."

ಅವಳು ಬೆರಗಾಗಿ ನೋಡಿದಳು. "ನಿಮಗೆ ನಾನಂದ್ರೆ ಆಗಲ್ಲ ಅಲ್ವಾ?"

"ಯಾರಂದ್ರು?"

"ನೀವೇ. ಮೊದಲ ದಿನ. ಇವರ ಜೊತೆ ಕೂರೋಕಾಗಲ್ಲ ಅಂದ್ರಿ."

ಅವನು ತಲೆ ಕೆರೆದುಕೊಂಡ. "ನನ್ನ ಬಾಯಲ್ಲಿ ಒಂದೂ ನಿಲ್ಲಲ್ಲ ಕಣ್ರೀ. ಇಲಿ ಬಿಟ್ಟು ಬೇರೆ ಮಾತೂ ಬರಲ್ಲ. ಪಕ್ಕದಲ್ಲಿ ಕೂತಿದ್ರೆ ಯಾವ ಸೀಸೆ ಯಾವ ಇಲಿದು ಅಂತ ಎಲ್ಲಾ ಹೇಳಿಬಿಡ್ತಿದ್ದೆ, ನಿಮ್ಮ ಎಣಿಕೆ ಹಾಳಾಗ್ತಿತ್ತು."

"ನಮಸ್ಕಾರ ಅನ್ನೋಕೂ ಆಗ್ತಿರಲಿಲ್ವಾ?"

"ಅಂದಿದ್ರೆ ಅಲ್ಲಿಗೆ ನಿಲ್ಲಿಸ್ತಿದ್ನಾ?"

"ಈ ಸ್ಟೂಲು..."

"ಅದಕ್ಕೆ ಬಾಯಿ ಬೇಕಾಗಿರಲಿಲ್ಲ."

ಮೆಟ್ಟಿಲ ಮೇಲೆ ಒಬ್ಬಳೇ ಕೂತ ದಿನಗಳೆಲ್ಲ ನೆನಪಾದವು. ಸಿಟ್ಟು, ಸಂಕಟ, ಸಂತೋಷ ಒಟ್ಟಿಗೇ ಉಕ್ಕಿ ಅವಳ ಕಣ್ಣು ತುಂಬಿತು.

"ಮುಂದಿನ ಸಲವೂ ನೀವೇ ಎಣಿಸಬೇಕಂತೆ," ಅವನ ದನಿ ತಗ್ಗಿತು. "ನಿಮ್ಮನ್ನ ಇಷ್ಟಪಟ್ಟು ಸುಮ್ಮನಿರೋದು ಇನ್ನು ನನ್ನಿಂದಾಗಲ್ಲ. ಎಣಿಸೋಕೆ ಬೇರೆಯವರು ಬರಲಿ. ನೀವು ನನ್ನ ಜೊತೆ ಹೊಲಕ್ಕೆ ಬರ್ತೀರಾ?"

ಅವಳು ಚೀಲದಿಂದ ಡಬ್ಬಿಯನ್ನು ಹೊರಗೆ ತೆಗೆದಳು.

"ಅಕ್ಕನಿಗೆ ಬರಲ್ಲ ಅಂತ ಹೇಳಬೇಕು," ಅಂದಳು ತನಗೇ ಎಂಬಂತೆ. ಆಮೇಲೆ ಅವನತ್ತ ತಿರುಗಿ, "ಊಟ ಆಯ್ತಾ?"

"ಇಲ್ಲ."

"ಬನ್ನಿ, ಮೆಟ್ಟಿಲ ಮೇಲೆ ಇಬ್ಬರಿಗೆ ಜಾಗ ಇದೆ. ಮೋಟುಬಾಲದವಳ ತಮ್ಮನಿಗೆ ಏನಾಯ್ತು, ಹೇಳಿ."