ಕೆಳಹೊಲದ ಜೇಡಿಮಣ್ಣು

"ಯಾರ್ರೀ ಅದು, ನಮ್ಮ ಹೊಲದಲ್ಲಿ ಗುಂಡಿ ತೋಡ್ತಿರೋದು?"

ಮೊಣಕಾಲೂರಿ ಕೂತಿದ್ದವಳು ತಲೆ ಎತ್ತಿದಳು. ಎದುರಿಗೆ ನಿಂತವನ ಕೈತುಂಬ ಗ್ರೀಸು, ಹೆಗಲಿಗೆ ಸ್ಪ್ಯಾನರ್ ಚೀಲ, ಪಂಪ್ ರಿಪೇರಿಯವನಿರಬೇಕು. ದನಿಯಲ್ಲಿದ್ದಷ್ಟು ಸಿಟ್ಟು ಮುಖದಲ್ಲಿರಲಿಲ್ಲ.

"ಯೋಜನಾ ಕಚೇರಿಯಿಂದ ಬಂದಿದ್ದೀನಿ. ಇಲ್ಲಿ ಮನೆ ಕಟ್ಟೋಕೆ ಬಿಡಬಹುದಾ, ಹೊಲವಾಗೇ ಉಳಿಸ್ಬೇಕಾ ಅಂತ ಮಣ್ಣು ನೋಡ್ಬೇಕು."

"ಓ, ಅದಾ! ಏನು ಸಿಕ್ತು?"

"ಮಣ್ಣಂಗಟ್ಟಿ," ಎಂದು ಅವಳು ಅಂಗೈ ಚಾಚಿದಳು. ಅಲ್ಲಿ ನಿಜಕ್ಕೂ ಒಂದು ಹೆಂಟೆ ಇತ್ತು. ಅವನು ನಕ್ಕ. ನಗು ಅವಳಿಗೂ ಅಂಟಿಕೊಂಡಿತು.

ಆಮೇಲೆ ಅವಳು ಬಂದಾಗಲೆಲ್ಲ ತನ್ನ ರಿಪೇರಿ ಅಂಗಡಿ ಮುಚ್ಚಿ ಅವನೂ ಹಾಜರು. ಮಣ್ಣು ಕೊರೆಯುವ ಸಲಾಕೆಯನ್ನು ತಾನೇ ತಿರುಗಿಸುವನು. ಜೇಡಿ ಎಷ್ಟಿದೆಯೆಂದು ತಿಳಿಯಲು ಅವಳು ಒದ್ದೆ ಮಣ್ಣನ್ನು ಬೆರಳಲ್ಲಿ ಹೊಸೆದು ರಿಬ್ಬನ್ನಿನಂತೆ ಎಳೆಯುವಳು.

"ಮಣ್ಣು ನೋಡಿ ಅಂದ್ರೆ ಎಲ್ಲಿ ನೋಡ್ತಿದ್ದೀರಿ?"

"ಮಣ್ಣನ್ನೇ. ನಿಮ್ಮ ಕೆನ್ನೆ ಮೇಲೂ ಸ್ವಲ್ಪ ಇದೆ."

ಒರೆಸಿಕೊಳ್ಳಲು ಹೋಗಿ ಅವಳು ಇನ್ನಷ್ಟು ಬಳಿದುಕೊಂಡಳು.

ಒಂದು ದಿನ ಅವನ ಅಕ್ಕ ಬಂದಳು. ಬಾಡಿಗೆ ಮನೆ ಬದಲಿಸಿ ಬದಲಿಸಿ ಬೇಸತ್ತವಳು. ಬದುವಿನ ಮೇಲೆ ನಿಂತು, "ಅಡುಗೆಮನೆ ಇಲ್ಲಿ, ಕಿಟಕಿ ಆ ಜೊಂಡಿನ ಕಡೆಗೆ," ಎಂದು ಗಾಳಿಯಲ್ಲೇ ಗೋಡೆ ಎಬ್ಬಿಸಿದಳು. "ಆಗುತ್ತೆ ಅಲ್ವಾ ಮೇಡಂ?"

ಅವಳು ಬಗ್ಗಿ ಗುಂಡಿಯ ಮಣ್ಣನ್ನು ಮತ್ತೊಮ್ಮೆ ನೋಡಿದಳು. ಪ್ರತಿ ಗುಂಡಿಯಲ್ಲೂ ತುಕ್ಕಿನ ಚುಕ್ಕೆಯ ಬೂದು ಜೇಡಿ. ಅಂದರೆ ವರ್ಷದ ಬಹುಪಾಲು ನೀರು ನಿಲ್ಲುವ ನೆಲ. ಜೊಂಡಿನ ಬುಡದಲ್ಲಿ, ನೆಲದ ಮೇಲೇ ಹಕ್ಕಿಗಳು ಮೊಟ್ಟೆಯಿಟ್ಟಿದ್ದವು.

ಆ ಸಂಜೆ ಅವನು ಸಲಾಕೆ ಒರೆಸುತ್ತ, "ನಿಮಗೊಂದು ಮಾತು ಹೇಳ್ಬೇಕು," ಎಂದ.

"ಈಗ ಬೇಡ. ನೀವು ಹೇಳಿದ್ರೆ ನನ್ನ ವರದಿಗೆ ಬೆಲೆ ಇರಲ್ಲ."

"ಸರಿ, ವರದಿ ಬರೆದ ಮೇಲೆ ಹೇಳ್ತೀನಿ."

"ಬರೆದ ಮೇಲೆ ನೀವು ಹೇಳಲ್ಲ."

ಅವನ ಕೈ ಅಲ್ಲೇ ನಿಂತಿತು. ವರದಿಯಲ್ಲಿ ಏನಿರುವುದೆಂದು ಅರ್ಥವಾಗಿತ್ತು. ಅವನು ಸಲಾಕೆಯನ್ನು ಮೆಲ್ಲಗೆ ನೆಲಕ್ಕಿಟ್ಟು ಹೊರಟುಹೋದ.

ಮರುದಿನ ಅವಳು ಮೇಲಧಿಕಾರಿಯ ಮುಂದೆ ನಿಂತಳು. "ಆ ಹೊಲದವರ ಮನೆ ಹುಡುಗನ ಮೇಲೆ ನನಗೆ ಮನಸ್ಸಾಗಿದೆ ಸರ್. ಬೇರೆಯವರನ್ನ ಕಳಿಸಿ."

"ಪ್ರೀತಿ ಮಾಡೋಕೆ ಬೇರೆ ಜಮೀನು ಸಿಗಲಿಲ್ಲವೇನಮ್ಮ?" ಎಂದು ಆ ಹಿರಿಯ ಹಣೆ ಚಚ್ಚಿಕೊಂಡ. ಆದರೂ ಬೇರೊಬ್ಬನನ್ನು ಕಳಿಸಿದ. ಬಂದವನು ಹೊಸದಾಗಿ ಗುಂಡಿ ತೋಡಿಸಿದ, ಹಕ್ಕಿಗಳನ್ನೂ ನೋಡಿದ. ತೀರ್ಮಾನ ಬದಲಾಗಲಿಲ್ಲ: ಮನೆ ಕಟ್ಟುವಂತಿಲ್ಲ.

"ಅವಳೇ ಹೇಳಿಕೊಟ್ಟಿರ್ತಾಳೆ," ಎಂದು ಅಕ್ಕ ಹಾರಾಡಿದಳಂತೆ. ತಮ್ಮನ ಜೊತೆ ಮಾತು ಬಿಟ್ಟಳಂತೆ. ಊರವರ ಬಾಯಿಂದ ಈ ಸುದ್ದಿ ಬಂತೇ ಹೊರತು, ಅವನಿಂದ ಒಂದು ಫೋನೂ ಇಲ್ಲ. ಕೊನೆಗೆ ಅವಳು ತಾನೇ ಅಕ್ಕನ ಬಾಡಿಗೆ ಮನೆಯ ಮೆಟ್ಟಿಲು ಹತ್ತಿದಳು.

ಅಕ್ಕ ಬಾಗಿಲು ತೆರೆದಳು, ಒಳಗೆ ಕರೆಯಲಿಲ್ಲ.

"ನಾನು ಯಾರಿಗೂ ಏನೂ ಹೇಳಿಕೊಟ್ಟಿಲ್ಲ ಅಕ್ಕ. ಆದ್ರೆ ನಾನು ಬರೆದಿದ್ರೂ ಅದನ್ನೇ ಬರೀತಿದ್ದೆ. ಅಲ್ಲಿ ಕಟ್ಟಿದ್ರೆ ಗೋಡೆ ನಿಲ್ತಿರಲಿಲ್ಲ."

ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿದಳು. "ಅಲ್ಲಿ ನೀರು ನಿಲ್ಲೋದು ನನಗೇನು ಗೊತ್ತಿಲ್ವಾ? ಚಿಕ್ಕಂದಿನಲ್ಲಿ ಅಲ್ಲೇ ಕೆಸರಾಡಿದವಳು ನಾನು. ಬೇರೆ ಜಾಗ ಇರಲಿಲ್ಲ, ಅದಕ್ಕೆ ಆಸೆಪಟ್ಟೆ." ಸೆರಗಿನಿಂದ ಕಣ್ಣೊತ್ತಿಕೊಂಡಳು. "ನಿನ್ನ ಮುಖ ನೋಡಿದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಸ್ವಲ್ಪ ಕಾಲ ಬೇಕು ನನಗೆ. ಹೋಗಿ ಬಾ."

ಬಾ ಎಂಬ ಆ ಒಂದಕ್ಷರ ಹಿಡಿದುಕೊಂಡು ಅವಳು ಮೆಟ್ಟಿಲಿಳಿದಳು.

ಬೀದಿಯ ತಿರುವಿನಲ್ಲಿ ಅವನು ನಿಂತಿದ್ದ. ಸೊರಗಿದ್ದ, ಗಡ್ಡ ಬೆಳೆದಿತ್ತು.

"ಇಲ್ಲಿ ಬಂದಿದ್ದೀರಂತ ಗೊತ್ತಾಯ್ತು. ಫೋನ್ ಮಾಡೋಕೆ ಮುಖ ಇರಲಿಲ್ಲ. ಅವತ್ತು ಹಾಗೆ ಎದ್ದು ಹೋಗ್ಬಾರ್ದಿತ್ತು." ತಡೆದು ಕೇಳಿದ, "ಅಕ್ಕ ಏನಂದಳು?"

"ಸ್ವಲ್ಪ ಕಾಲ ಬೇಕಂತೆ."

"ನಿನಗೆ?"

ಅವನು ಮೊದಲ ಸಲ 'ನೀವು' ಬಿಟ್ಟಿದ್ದ.

"ನನಗೆ ಕಾಲ ಬೇಡ," ಎಂದಳು.