ಚಿಪ್ಪಿನ ಬೇಲಿ

ಮುಂದಿಡಲು ಎತ್ತಿದ ಕಾಲನ್ನು ಹುಡುಗಿ ಹಾಗೇ ಮೇಲೆ ಹಿಡಿದು ನಿಂತಳು. ಶೂ ಕೆಳಗೆ, ಬರೀ ಮರಳಿನ ಮೇಲೆ, ಮೂರು ಪುಟ್ಟ ಮೊಟ್ಟೆಗಳು. ಮರಳಿನದೇ ಬಣ್ಣ, ಮೇಲೆ ಕಪ್ಪು ಚುಕ್ಕೆ. ಗೂಡು ಹಾಗಿರಲಿ, ಸುತ್ತ ಒಂದು ಕಡ್ಡಿಯೂ ಇರಲಿಲ್ಲ.

ಕಡಲತೀರದಲ್ಲಿ ಅಡ್ಡ ಕಟ್ಟಿದ್ದ ಹಗ್ಗ ದಾಟಬಾರದು ಎಂದು, ಕ್ಲಾಸನ್ನು ಪ್ರವಾಸಕ್ಕೆ ಕರೆತಂದ ಟೀಚರ್ ಹೇಳಿಯೇ ಇದ್ದರು. ಆದರೆ ಗಾಳಿಗೆ ಟೋಪಿ ಹಗ್ಗದಾಚೆ ಹಾರಿದರೆ ಏನು ಮಾಡುವುದು? ಅದನ್ನು ಹಿಡಿಯಲು ಓಡಿ ಬಂದವಳಿಗೆ ಈ ನಿಧಿ ಸಿಕ್ಕಿತ್ತು. ಬೇರೆ ಯಾರಾದರೂ ತುಳಿದುಬಿಟ್ಟರೆ? ಅವಳು ಟೋಪಿಯನ್ನು ಹಿಡಿದು ತಲೆಗೆ ಹಾಕಿಕೊಂಡು, ಬೆಳ್ಳಗಿನ ಚಿಪ್ಪುಗಳನ್ನು ಆರಿಸಿ ತಂದು ಮೊಟ್ಟೆಗಳ ಸುತ್ತ ಚೆಂದದ ಬೇಲಿ ಕಟ್ಟಿದಳು. ಇನ್ನು ಎಲ್ಲರನ್ನೂ ಕರೆದು ತೋರಿಸುವುದೊಂದೇ ಬಾಕಿ. ಹೊಟ್ಟೆಯಲ್ಲಿ ಮಾತು ನಿಲ್ಲದ ಅವಳಿಗೆ ಕ್ಲಾಸಿನವರು ಇಟ್ಟ ಹೆಸರೇ ರೇಡಿಯೋ.

ಹಗ್ಗದ ಬಳಿ ಎದುರಾದವಳು ಆ ತೀರ ಕಾಯುವ ಗಾರ್ಡ್ ಅಕ್ಕ. ರೇಡಿಯೋ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಬೈಗುಳ ಬರಲಿಲ್ಲ. ಅಕ್ಕ ದುರ್ಬೀನು ಎತ್ತಿ ನೋಡಿ, ಮರುಕ್ಷಣ ಓಡತೊಡಗಿದಳು. ಚಿಪ್ಪುಗಳ ಹತ್ತಿರ ಒಂದು ಕಾಗೆ ಇಳಿದಿತ್ತು.

ಕಾಗೆಯನ್ನು ಓಡಿಸಿ ಅಕ್ಕ ಏದುಸಿರು ಬಿಡುತ್ತ ಹೇಳಿದಳು: "ಬೇಲಿ ಹಾಕಿದ್ದು ನಮಗೆ ಕಾಣ್ಲಿ ಅಂತ ಅಲ್ವಾ? ಕಾಗೆಗೂ ಕಾಣ್ಸುತ್ತೆ ಪುಟ್ಟಾ. ಇವು ಉಳಿಯೋದೇ ಯಾರಿಗೂ ಕಾಣದೆ."

ರೇಡಿಯೋ ಮುಖ ಸಣ್ಣದಾಯಿತು. ತಾನೇ ಇಟ್ಟ ಚಿಪ್ಪುಗಳನ್ನು ಒಂದೊಂದಾಗಿ ದೂರ ಎಸೆದಳು. ಅಕ್ಕ ಸೊಪ್ಪಿನ ಕೊಂಬೆಯಿಂದ ಇಬ್ಬರ ಹೆಜ್ಜೆಗಳನ್ನೂ ಅಳಿಸುತ್ತ ಹಿಂದಕ್ಕೆ ನಡೆದಳು.

ಹಗ್ಗದ ಈಚೆ ಕೂತು ಕಾದರು. ಬಿಸಿಲು ಚುರುಗುಟ್ಟುತ್ತಿತ್ತು. ತಾಯಿಹಕ್ಕಿ ಬಂದು ನೆರಳು ಕೊಡದಿದ್ದರೆ ಮೊಟ್ಟೆ ಉಳಿಯುವುದಿಲ್ಲವಂತೆ.

"ಬರುತ್ತಾ ಅಕ್ಕಾ?"

"ನೋಡೋಣ."

ಆಗ ಮುಷ್ಟಿ ಗಾತ್ರದ ಪುಟ್ಟ ಹಕ್ಕಿಯೊಂದು ಕಾಣಿಸಿತು. ಸ್ವಲ್ಪ ಓಡಿತು, ನಿಂತಿತು, ಮತ್ತೆ ಓಡಿತು. ಆಮೇಲೆ ಮೊಟ್ಟೆಗಳ ಮೇಲೆ ಗರಿ ಉಬ್ಬಿಸಿ ಕೂತಿತು. ರೇಡಿಯೋ ಸಂತೋಷಕ್ಕೆ ಅಕ್ಕನ ತೋಳು ಗಟ್ಟಿಯಾಗಿ ಹಿಡಿದಳು. ಒಮ್ಮೆ ಕಣ್ಣು ಮಿಟುಕಿಸಿ ನೋಡಿದರೆ ಮರಳಿನ ಬಣ್ಣದ ಆ ಹಕ್ಕಿ ಎಲ್ಲಿದೆಯೆಂದು ಅವಳಿಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಕ್ಲಾಸಿನವರು ಗಲಗಲ ಎನ್ನುತ್ತ ಬಂದರು. "ಏನೇ ರೇಡಿಯೋ, ಏನು ಸಿಕ್ತು ಅಲ್ಲಿ?" ಎಂದಳು ಅವಳ ಪಕ್ಕದ ಬೆಂಚಿನ ಗೆಳತಿ.

ಮಾತು ನಾಲಿಗೆ ತುದಿಯವರೆಗೆ ಬಂದೇ ಬಂತು. ರೇಡಿಯೋ ಅಕ್ಕನ ಮುಖ ನೋಡಿದಳು. ಅಕ್ಕ ದುರ್ಬೀನು ಒರೆಸುತ್ತಿದ್ದಳು.

"ಟೋಪಿ," ಎಂದು ಅದನ್ನು ಕಿವಿಯವರೆಗೆ ಎಳೆದುಕೊಂಡಳು ರೇಡಿಯೋ. "ನಡೀರಿ, ಆ ಕಡೆ ಏಡಿ ಇದಾವಂತೆ."

ಎಲ್ಲರಿಗಿಂತ ಮುಂದೆ ತಾನೇ ನಡೆದಳು, ಒಮ್ಮೆಯೂ ಹಿಂದೆ ತಿರುಗದೆ.